ಕಾದಂಬರಿಯ ಮೊದಲ ಕರಡು ಮುಗಿಸುವುದು ಹೇಗೆ: ಜೂನ್ ಮಳೆಯಿಂದ ಹುತ್ತರಿವರೆಗೆ

ನಮ್ಮ ಕೊಡಗಿನ ಕಡೆ ರೈಟರ್ ಅಂದರೆ ಕಥೆ ಬರೆಯುವವನು ಅಂತ ಯಾರೂ ತಿಳಿಯುವುದಿಲ್ಲ. ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವವನು, ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣಿನ ಚೀಲ ತೂಕಕ್ಕಿಟ್ಟು ಯಾರದು ಎಷ್ಟು ಕೇಜಿ ಅಂತ ಪುಸ್ತಕಕ್ಕೆ ಏರಿಸುವವನು, ಅವನು ರೈಟರ್. ಸುಂಟಿಕೊಪ್ಪದಿಂದ ಸ್ವಲ್ಪ ಒಳಗಿರುವ ಒಂದು ತೋಟದಲ್ಲಿ ನಾನು ಆ ಕೆಲಸ ಮಾಡುತ್ತೇನೆ. ಇದರ ಜೊತೆಗೇ ಒಂದು ಕಾದಂಬರಿ ಬರೆಯಬೇಕು ಅಂತ ಐದು ವರ್ಷ ಒದ್ದಾಡಿದೆ. ಮೊದಲ ನಾಲ್ಕು ವರ್ಷ ನನ್ನ ಕೈಯಲ್ಲಿ ಇದ್ದದ್ದು ಒಂದೇ ಒಂದು ಅಧ್ಯಾಯ. ಅದನ್ನು ಹನ್ನೊಂದು ಸಲ ತಿದ್ದಿದ್ದೆ. ಐದನೇ ವರ್ಷ ಜೂನ್‌ನಲ್ಲಿ ಕೂತು ನವೆಂಬರ್ ಕೊನೆಗೆ ಇಡೀ ಕರಡು ಮುಗಿಸಿದೆ. ಆ ವರ್ಷ ನನಗೆ ಹೊಸ ಪ್ರತಿಭೆ ಏನೂ ಬರಲಿಲ್ಲ, ಕೆಲಸವೂ ಕಡಿಮೆ ಆಗಲಿಲ್ಲ. ಹಿಂದೆ ತಿರುಗಿ ನೋಡುವುದನ್ನು ನಿಲ್ಲಿಸಿದೆ, ಅಷ್ಟೇ. ಅದನ್ನು ನಿಲ್ಲಿಸುವುದು ಎಷ್ಟು ಕಷ್ಟ ಅಂತ ಗೊತ್ತಿರುವುದರಿಂದಲೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಹೆಜ್ಜೆ 1: ನಿಮ್ಮ ವರ್ಷ ನೋಡಿ ತಿಂಗಳು ಆರಿಸಿ

"ದಿನಾ ಬರೀರಿ" ಅಂತ ಎಲ್ಲರೂ ಹೇಳುತ್ತಾರೆ. ಯಾವ ತಿಂಗಳು ಶುರು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. 1999ರಲ್ಲಿ ಅಮೆರಿಕದಲ್ಲಿ ಶುರುವಾದ ನ್ಯಾನೋರೈಮೋ ಅನ್ನುವ ಸವಾಲಿನ ಬಗ್ಗೆ ಕೇಳಿರಬಹುದು, ನವೆಂಬರ್ ತಿಂಗಳ 30 ದಿನದಲ್ಲಿ 50,000 ಪದ ಬರೆಯಬೇಕು ಅನ್ನುವುದು ಅದರ ಲೆಕ್ಕವಾಗಿತ್ತು (ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚಿತು). ದಿನಕ್ಕೆ 1,667 ಪದ. ನಾನೂ ಒಂದು ಸಲ ಪ್ರಯತ್ನಪಟ್ಟೆ. ನವೆಂಬರ್ ಅಂದರೆ ನಮ್ಮಲ್ಲಿ ಅರೇಬಿಕಾ ಹಣ್ಣಾಗುವ ಹೊತ್ತು, ಅದರ ಹಿಂದೆಯೇ ರೋಬಸ್ಟಾ, ಫೆಬ್ರವರಿವರೆಗೆ ಕೊಯ್ಲು ಮತ್ತು ಕಣ. ಅದಾದ ಮೇಲೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂತಾ ಇಲ್ವಾ ಅನ್ನುವ ಚಿಂತೆ, ಬರದಿದ್ದರೆ ಸ್ಪ್ರಿಂಕ್ಲರ್ ಪೈಪು ಎಳೆಯುವ ಕೆಲಸ. ನಾಲ್ಕನೇ ದಿನಕ್ಕೆ ಬಿಟ್ಟೆ.

ನನಗೆ ಹೊಂದಿದ್ದು ಮಳೆಗಾಲ. ಜೂನ್ ಮೊದಲ ವಾರ ಶುರು, ಹುತ್ತರಿ ಹೊತ್ತಿಗೆ ಮುಗಿಯಬೇಕು. ಹುತ್ತರಿ ನಮ್ಮ ಸುಗ್ಗಿ ಹಬ್ಬ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುತ್ತದೆ, ದಿನ ಗೊತ್ತುಮಾಡುವುದು ಕಕ್ಕಬ್ಬೆಯ ಇಗ್ಗುತಪ್ಪ ದೇವಸ್ಥಾನದಲ್ಲಿ. ಆ ದಿನಾಂಕವನ್ನು ನಾನು ಮುಂದೂಡಲು ಆಗುವುದಿಲ್ಲ. ನಾವೇ ಇಟ್ಟುಕೊಂಡ ಗಡುವನ್ನು ನಾವೇ ಮುರಿಯುತ್ತೇವೆ, ಆದ್ದರಿಂದ ನಿಮ್ಮ ಕೈಯಲ್ಲಿ ಇಲ್ಲದ ಒಂದು ದಿನಕ್ಕೆ ಗಂಟು ಹಾಕಿ. ನೀವು ಶಾಲೆಯಲ್ಲಿ ಕೆಲಸ ಮಾಡುವವರಾದರೆ ನಿಮ್ಮ ಲೆಕ್ಕ ಬೇರೆ, ಹೋಂಸ್ಟೇ ನಡೆಸುವವರಾದರೆ ಬೇರೆ. ಯಾವ ಆರು ತಿಂಗಳು ನಿಮ್ಮನ್ನು ಜಾಸ್ತಿ ಯಾರೂ ಕರೆಯುವುದಿಲ್ಲ ಅಂತ ನೋಡಿ.

ರಜೆಯನ್ನೂ ಮೊದಲೇ ಬರೆದಿಡಿ. ಜುಲೈ ನಾಟಿಗೆ ನಾಲ್ಕು ದಿನ, ಸೆಪ್ಟೆಂಬರ್ ಮೊದಲ ವಾರ ಕೈಲ್ ಮುಹೂರ್ತ ಹಬ್ಬಕ್ಕೆ ಮೂರು ದಿನ, ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣಕ್ಕೆ ಎರಡು ದಿನ. ಮೊದಲೇ ಬರೆದಿಟ್ಟ ರಜೆ ರಜೆಯಾಗಿಯೇ ಇರುತ್ತದೆ. ಹಾಗೆ ಸುಮ್ನೆ ತಪ್ಪಿಹೋದ ದಿನ ಮನಸ್ಸಿಗೆ ಚುಚ್ಚುತ್ತದೆ, ಆ ನೋವಿಗೇ ಮರುದಿನವೂ ಕೂರಲು ಆಗುವುದಿಲ್ಲ.

ಹೆಜ್ಜೆ 2: ಲೆಕ್ಕ ಹಾಕಿ, ಆದರೆ ಕನ್ನಡದ ಲೆಕ್ಕ

ಇಂಗ್ಲಿಷಿನ ಪದಸಂಖ್ಯೆ ನೋಡಿ ಹೆದರಬೇಡಿ. "ಬರಲಾಗಲಿಲ್ಲವಂತೆ" ಅನ್ನುವುದು ನಮಗೆ ಒಂದು ಪದ, ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಪದ ಬೇಕು. ಅದೇ ಕಥೆ ಕನ್ನಡದಲ್ಲಿ ಕಡಿಮೆ ಪದದಲ್ಲಿ ಮುಗಿಯುತ್ತದೆ.

ನಾನು ಲಾಂಗ್ ಬುಕ್ಕಿನಲ್ಲಿ ಬರೆಯುವುದು. ನನ್ನ ಕೈಬರಹಕ್ಕೆ ಒಂದು ಪುಟದಲ್ಲಿ ಸುಮಾರು 150 ಪದ ಹಿಡಿಯುತ್ತದೆ. ದಿನಕ್ಕೆ ಎರಡು ಪುಟ, ವಾರಕ್ಕೆ ಐದು ದಿನ, 26 ವಾರ. ಒಟ್ಟು 260 ಪುಟ, 39,000 ಪದ. ಅಚ್ಚಾದರೆ ಡೆಮಿ ಸೈಜಿನಲ್ಲಿ ಸುಮಾರು 170 ಪುಟದ ಪುಸ್ತಕ. ಅದು ಪೂರ್ತಿ ಕಾದಂಬರಿಯೇ ಅಲ್ವಾ? ದಿನಕ್ಕೆ ಎರಡೇ ಪುಟ. ನಿಮ್ಮ ಒಂದು ಪುಟದಲ್ಲಿ ಎಷ್ಟು ಪದ ಬರುತ್ತದೆ ಅಂತ ಇವತ್ತೇ ಎಣಿಸಿ, ನಿಮ್ಮ ಲೆಕ್ಕ ನೀವೇ ಹಾಕಿ. ಎರಡು ಪುಟಕ್ಕಿಂತ ಹೆಚ್ಚಿನ ಗುರಿ ಬೇಡ. ಬಂದರೆ ಬರೆಯಿರಿ, ಆದರೆ ಗುರಿ ಏರಿಸಬೇಡಿ.

ಬರೆದದ್ದನ್ನು ದಿನವೂ ಒಂದು ಕಡೆ ಏರಿಸಿ. ನಾನು ತೂಕದ ಪುಸ್ತಕದ ಥರವೇ ಗೆರೆ ಹೊಡೆದು ತಾರೀಖು, ಪುಟ, ಒಟ್ಟು ಅಂತ ಮೂರು ಕಲಂ ಮಾಡಿಕೊಂಡೆ. ಇದು ನನ್ನ ಹೊಸ ಉಪಾಯವೇನೂ ಅಲ್ಲ. ಆಂಥನಿ ಟ್ರಾಲೋಪ್ ಅನ್ನುವ ಇಂಗ್ಲಿಷ್ ಕಾದಂಬರಿಕಾರ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ಹತ್ತಾರು ಕಾದಂಬರಿ ಬರೆದ. ಬೆಳಿಗ್ಗೆ ಬೇಗ ಎದ್ದು, ಗಡಿಯಾರ ಎದುರಿಗಿಟ್ಟು, ಕಾಲು ಗಂಟೆಗೆ 250 ಪದ. ಹೊಸ ಪುಸ್ತಕ ಶುರು ಮಾಡುವಾಗೆಲ್ಲ ವಾರವಾರದ ಡೈರಿ ಮಾಡಿಕೊಂಡು ದಿನಕ್ಕೆ ಎಷ್ಟು ಪುಟ ಆಯಿತು ಅಂತ ಬರೆದಿಡುತ್ತಿದ್ದ, ಸೋಮಾರಿತನ ಮಾಡಿದ ದಿನದ ಖಾಲಿ ಜಾಗ ಕಣ್ಣಿಗೆ ರಾಚಲಿ ಅಂತ. ಅವನು ಸತ್ತ ಮೇಲೆ 1883ರಲ್ಲಿ ಬಂದ ಆತ್ಮಕಥೆಯಲ್ಲಿ ಇದೆಲ್ಲ ಇದೆ. ಓದಿದಾಗ ನನಗೆ ಬಹಳ ಧೈರ್ಯ ಬಂತು, ಸಂಬಳದ ಕೆಲಸ ಇರುವವರಿಗೂ ಆಗುತ್ತದೆ ಅಂತ.

ಹೆಜ್ಜೆ 3: ಸಾಮಾನು

ಪುಸ್ತಕದಲ್ಲಿ ಬರೆಯುವವರಾದರೆ ಬಾಲ್ ಪೆನ್ನು ತಗೊಳ್ಳಿ. ನಮ್ಮ ಜುಲೈ ತಿಂಗಳಲ್ಲಿ ಕಾಗದ ತಣ್ಣಗೆ ಮೆತ್ತಗೆ ಆಗಿರುತ್ತದೆ, ಶಾಯಿ ಪೆನ್ನಿನಲ್ಲಿ ಬರೆದರೆ ಅಕ್ಷರಕ್ಕೆ ಮೀಸೆ ಬರುತ್ತದೆ. ಬೂಸ್ಟು ಬೇರೆ. ಪುಸ್ತಕವನ್ನು ಗೋಡೆ ಕಪಾಟಿನಲ್ಲಿ ಇಡಬೇಡಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಅಡುಗೆಮನೆಯ ಬೆಚ್ಚಗಿನ ಕಡೆ ಇಡಿ. ನನ್ನದು ಹಳೆಯ ಬಿಸ್ಕೆಟ್ ಡಬ್ಬಿಯಲ್ಲಿ ಒಲೆಯ ಪಕ್ಕದ ಅಟ್ಟದ ಮೇಲೆ ಇತ್ತು, ಇವತ್ತಿಗೂ ತೆರೆದರೆ ಹೊಗೆ ವಾಸನೆ ಬರುತ್ತದೆ.

ವಾರಕ್ಕೊಮ್ಮೆ ಬರೆದ ಪುಟಗಳ ಫೋಟೋ ತೆಗೆದು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮನೆಯ ಜೊತೆ ಕಾಗದಪತ್ರ ಎಲ್ಲ ಕಳೆದುಕೊಂಡವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ! ಅದಾದ ಮೇಲೂ ಒಂದೇ ಪ್ರತಿ ಇಟ್ಟುಕೊಂಡು ಕೂರುವುದು ಸರಿಯಲ್ಲ.

ಕಂಪ್ಯೂಟರಿನಲ್ಲಿ ಬರೆಯುವವರು ಮೊದಲ ದಿನದಿಂದ ಯೂನಿಕೋಡ್‌ನಲ್ಲೇ ಬರೆಯಿರಿ, ಅದರಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ನಾನು ಮೊದಲ ಅಧ್ಯಾಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಆ ಫಾಂಟ್ ಇಲ್ಲದೆ ಪುಟಪೂರ್ತಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಆಯ್ಕೆ ಇದೆ, ಅದನ್ನೇ ಹಾಕಿಕೊಳ್ಳಿ. ಆಮೇಲೆ ಪುಟ ಕಟ್ಟುವವರು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳುತ್ತಾರೆ.

ಮೊಬೈಲಿನಲ್ಲಿ ಮಾತಾಡಿ ಬರೆಸುವುದೂ ಆಗುತ್ತದೆ, ಕನ್ನಡ ಸಾಕಷ್ಟು ಚೆನ್ನಾಗಿಯೇ ಹಿಡಿಯುತ್ತದೆ, ಮನೆತನದ ಹೆಸರು ಬಂದಾಗ ಮಾತ್ರ ಏನೇನೋ ಬರೆಯುತ್ತದೆ. ಸಂಭಾಷಣೆಗೆ ಇದು ಒಳ್ಳೆಯದು. ಆದರೆ ಆನೆ ಓಡಾಡುವ ತೋಟದಲ್ಲಿ ಬೆಳಗಿನ ಹೊತ್ತು ಮೊಬೈಲಿಗೆ ಮಾತಾಡುತ್ತಾ ನಡೆಯಬೇಡಿ. ಗಮನ ಎಲ್ಲೋ ಇರುತ್ತದೆ, ಅಪಾಯ.

ಹೆಜ್ಜೆ 4: ಮೂವತ್ತು ಸಾಲಿನ ಪಟ್ಟಿ

ಇಡೀ ಕಥೆಯ ನಕ್ಷೆ ಬೇಕಾಗಿಲ್ಲ. ನಿಮಗೆ ಈಗಾಗಲೇ ಕಣ್ಣಿಗೆ ಕಟ್ಟಿರುವ ದೃಶ್ಯಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಹದಿನೈದು ಬರುತ್ತದೆ. ಆಮೇಲೆ ಎರಡು ದೃಶ್ಯದ ನಡುವೆ ಏನಾಗಿರಬೇಕು ಅಂತ ಕೇಳಿಕೊಂಡರೆ ಇನ್ನು ಹತ್ತು ಹದಿನೈದು. ಅಷ್ಟು ಸಾಕು. ಕೊನೆಯ ದೃಶ್ಯ ಮಾತ್ರ ಗೊತ್ತಿರಲಿ, ಅದು ಆಮೇಲೆ ಬದಲಾದರೂ ಪರವಾಗಿಲ್ಲ. ಸಂಪಾಜೆ ಘಾಟಿಯಲ್ಲಿ ಮಂಜು ಕವಿದಾಗ ಡ್ರೈವರ್‌ಗೆ ಕಾಣುವುದು ಮುಂದಿನ ಒಂದು ತಿರುವು ಅಷ್ಟೇ, ಆದರೆ ಇಳಿಯುವುದು ಸುಳ್ಯದ ಕಡೆಗೆ ಅಂತ ಗೊತ್ತಿರುತ್ತದೆ.

ಹೆಜ್ಜೆ 5: ಹಿಂದೆ ಹೋಗಬೇಡಿ

ಉಳಿದದ್ದೆಲ್ಲ ಮರೆತರೂ ಇದೊಂದು ಮರೆಯಬೇಡಿ.

ನನ್ನ ನಾಲ್ಕು ವರ್ಷ ಹೋದದ್ದು ಹೀಗೆ. ಸಂಜೆ ಕೂರುತ್ತಿದ್ದೆ. ಎಲ್ಲಿಗೆ ನಿಲ್ಲಿಸಿದ್ದೆ ನೋಡೋಣ ಅಂತ ಮೊದಲಿಂದ ಓದುತ್ತಿದ್ದೆ. ಮೂರನೇ ಪ್ಯಾರಾದಲ್ಲಿ ಒಂದು ಮಾತು ಸರಿ ಕಾಣುತ್ತಿರಲಿಲ್ಲ, ತಿದ್ದುತ್ತಿದ್ದೆ. ತಿದ್ದಿದ ಮೇಲೆ ಅದರ ಹಿಂದಿನದು ಹೊಂದುತ್ತಿರಲಿಲ್ಲ. ಒಂದು ಗಂಟೆ ಆದಮೇಲೆ ಕೆಲಸ ಮಾಡಿದ ಸುಸ್ತು ಇರುತ್ತಿತ್ತು, ಮುಂದಕ್ಕೆ ಒಂದು ಸಾಲೂ ಹೋಗಿರುತ್ತಿರಲಿಲ್ಲ. ತಿದ್ದುವುದು ಬರೆಯುವ ಹಾಗೇ ಅನಿಸುತ್ತದೆ, ಅದೇ ಮೋಸ. ಇನ್ನೊಂದು ವಿಷಯ: ಕಥೆ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುವ ಮೊದಲು ಶುರುವನ್ನು ಸರಿಮಾಡಲು ಬರುವುದೇ ಇಲ್ಲ. ನಾನು ಹನ್ನೊಂದು ಸಲ ತಿದ್ದಿದ ಆ ಅಧ್ಯಾಯ ಇವತ್ತು ನನ್ನ ಕಾದಂಬರಿಯಲ್ಲಿ ಇಲ್ಲ. ಕಥೆ ಶುರುವಾಗಬೇಕಾದದ್ದು ಮೂರನೆಯದರಿಂದ ಅಂತ ಕೊನೆಗೆ ಗೊತ್ತಾಯಿತು.

ಆದ್ದರಿಂದ ಹೀಗೆ ಮಾಡಿ. ದಿನ ಕೂತಾಗ ಹಿಂದಿನ ದಿನದ ಕೊನೆಯ ಅರ್ಧ ಪುಟ ಮಾತ್ರ ಓದಿ. ಅದಕ್ಕಿಂತ ಹಿಂದಿನ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿಡಿ. ಕಂಪ್ಯೂಟರಾದರೆ ವಾರಕ್ಕೊಂದು ಹೊಸ ಫೈಲ್ ಮಾಡಿ, ಹಳೆಯದನ್ನು ಬೇರೆ ಫೋಲ್ಡರಿಗೆ ಹಾಕಿ ಮುಚ್ಚಿ.

ಇನ್ನೊಂದು ಚಿಕ್ಕ ಪುಸ್ತಕ ಜೊತೆಗಿರಲಿ, ತಿದ್ದುವ ಪುಸ್ತಕ ಅಂತ. "ತಂಗಿಯ ಹೆಸರು ಬದಲಾಗಬೇಕು, ಅಣ್ಣನ ಹೆಸರಿನ ಥರವೇ ಕೇಳಿಸುತ್ತದೆ", "ಎರಡನೇ ಅಧ್ಯಾಯದಲ್ಲಿ ಮಾವ ಸತ್ತಿದ್ದಾನೆ, ಇಲ್ಲಿ ಬೇಕು, ಅಲ್ಲಿ ಸಾಯಿಸಬಾರದು" ಅಂತ ಅದರಲ್ಲಿ ಬರೆದು ಮುಂದೆ ಹೋಗಿ. ಈಗಾಗಲೇ ತಿದ್ದಿ ಆಗಿದೆ ಅನ್ನುವ ಹಾಗೆ ಮುಂದಿನ ಪುಟ ಬರೆಯಿರಿ. ಮಾವ ಬದುಕಿಯೇ ಇದ್ದಾನೆ, ಬಂದು ಜಗಲಿಯಲ್ಲಿ ಕೂರಲಿ. ನನ್ನ ತಿದ್ದುವ ಪುಸ್ತಕದಲ್ಲಿ ಕೊನೆಗೆ 64 ಟಿಪ್ಪಣಿ ಇದ್ದವು. ಎರಡನೇ ಕರಡಿಗೆ ಅದೇ ಬುನಾದಿ ಆಯಿತು.

ಹೆಜ್ಜೆ 6: ಭಾಷೆಯ ಜಗಳ ಈಗ ಬೇಡ

ಇದು ಕೊಡಗಿನಲ್ಲಿ ಕೂತು ಬರೆಯುವವರಿಗೆ ಜಾಸ್ತಿ ತಾಗುವ ವಿಷಯ. ನನ್ನ ಕಥೆಯ ಮನೆಯಲ್ಲಿ ಕೊಡವ ತಕ್ಕ್ ಮಾತಾಡುತ್ತಾರೆ, ಪಕ್ಕದ ಮನೆಯಲ್ಲಿ ಅರೆಭಾಷೆ, ತೋಟದ ಆಳುಗಳಿರುವ ಲೈನ್ ಮನೆಯಲ್ಲಿ ಯರವ ಭಾಷೆ, ಅಂಗಡಿಯಲ್ಲಿ ಮಲಯಾಳ ಕಲೆತ ಕನ್ನಡ. ಇವರೆಲ್ಲರನ್ನೂ ಕನ್ನಡ ಪುಟದ ಮೇಲೆ ಹೇಗೆ ಮಾತಾಡಿಸುವುದು? ಕೊಡವ ತಕ್ಕಿನಲ್ಲಿ ಕನ್ನಡ ಲಿಪಿಗೆ ಸರಿಯಾಗಿ ಕೂರದ ಸ್ವರಗಳೂ ಇವೆ. ಇದನ್ನೇ ಯೋಚಿಸಿ ಒಂದು ತಿಂಗಳು ಪೆನ್ನು ಎತ್ತಲಿಲ್ಲ ನಾನು.

ಮೊದಲ ಕರಡಿನಲ್ಲಿ ಕಿವಿಗೆ ಬಂದದ್ದನ್ನು ಹಾಗೇ ಬರೆಯಿರಿ. ಒಂದು ಸಾಲು ಅರೆಭಾಷೆಯಲ್ಲಿ ಬಂದರೆ ಅರೆಭಾಷೆಯಲ್ಲೇ, ಮುಂದಿನದು ಕನ್ನಡದಲ್ಲಿ ಬಂದರೆ ಕನ್ನಡದಲ್ಲಿ. ಕಾಗುಣಿತ ತಪ್ಪಾದರೂ ಆಗಲಿ. ಎಷ್ಟು ಉಳಿಸಬೇಕು, ಮೈಸೂರಿನಲ್ಲೋ ಧಾರವಾಡದಲ್ಲೋ ಓದುವವರಿಗೆ ಹೇಗೆ ದಾಟಿಸಬೇಕು ಅನ್ನುವುದು ಎರಡನೇ ಕರಡಿನ ಕೆಲಸ. ಈಗ ಆ ಮನುಷ್ಯನ ದನಿ ಪುಟದ ಮೇಲೆ ಬಂದರೆ ಸಾಕು, ದನಿ ಒಂದು ಸಲ ತಪ್ಪಿಹೋದರೆ ಮತ್ತೆ ಸಿಗುವುದಿಲ್ಲ.

ಹೆಜ್ಜೆ 7: ಹುಡುಕಾಟದ ಗುಂಡಿ

ನನ್ನ ಕಥೆ ನಡೆಯುವುದು 1956ರಲ್ಲಿ. ಆ ವರ್ಷ ನವೆಂಬರ್ 1ಕ್ಕೆ ಕೊಡಗು ತನ್ನ ಬೇರೆ ರಾಜ್ಯದ ಸ್ಥಾನ ಬಿಟ್ಟು ಮೈಸೂರಿಗೆ ಸೇರಿತು, ಮನೆಯೊಳಗೆ ಅಣ್ಣತಮ್ಮಂದಿರ ಪಾಲಿನ ಮಾತೂ ಆಗಲೇ. ಮಡಿಕೇರಿಯಿಂದ ಮೈಸೂರಿಗೆ ಆಗ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತಿತ್ತು ಅಂತ ತಿಳಿಯಲು ಆರು ವಾರ ಅಲೆದೆ. ಆ ಬಸ್ಸಿನಲ್ಲಿ ನನ್ನ ಪಾತ್ರ ಹೋಗುವುದೇ ಇಲ್ಲ ಅಂತ ಅಕ್ಟೋಬರ್‌ನಲ್ಲಿ ಗೊತ್ತಾಯಿತು.

ಗೊತ್ತಿಲ್ಲದ ಕಡೆ ಎರಡು ನಕ್ಷತ್ರ ಹಾಕಿ ಮುಂದೆ ಹೋಗಿ. "ಬೆಳಿಗ್ಗೆ  ★★ ಗಂಟೆಯ ಬಸ್ಸಿಗೆ ಹೊರಟ." ಕಂಪ್ಯೂಟರಾದರೆ ಆಮೇಲೆ ಆ ಗುರುತನ್ನು ಹುಡುಕಿದರೆ ಎಲ್ಲ ಒಟ್ಟಿಗೆ ಸಿಗುತ್ತವೆ. ಬರೆಯುವ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿ ಇರಲಿ.

ಹೆಜ್ಜೆ 8: ನಡುವಿನ ಕೆಸರು

ಮೊದಲ 60 ಪುಟ ಹುರುಪಿನಲ್ಲಿ ಹೋಗುತ್ತದೆ. ಕೊನೆಯ 40 ಪುಟ ತಾನಾಗಿ ಎಳೆದುಕೊಂಡು ಹೋಗುತ್ತದೆ. ಕಾದಂಬರಿ ಸಾಯುವುದು ನಡುವೆ. ನನಗೆ ಅದು ಬಂದದ್ದು ಆಗಸ್ಟ್‌ನಲ್ಲಿ, ಕಕ್ಕಡ ತಿಂಗಳ ಮಳೆ, ಮೂರು ದಿನ ಕರೆಂಟಿಲ್ಲ, ಬಟ್ಟೆ ಒಣಗಿಲ್ಲ, ಬರೆದದ್ದೆಲ್ಲ ಸಪ್ಪೆ ಅನಿಸುತ್ತಿತ್ತು. ಇನ್ನೊಂದು ಹೊಸ ಕಥೆ ತಲೆಯಲ್ಲಿ ಬಂತು, ಇದಕ್ಕಿಂತ ಹತ್ತು ಪಾಲು ಚೆನ್ನಾಗಿ ಕಾಣುತ್ತಿತ್ತು. ಎಲ್ಲರಿಗೂ ಹೀಗೇ ಬರುತ್ತದೆ. ಹೊಸ ಕಥೆಯನ್ನು ತಿದ್ದುವ ಪುಸ್ತಕದ ಕೊನೆಯ ಪುಟದಲ್ಲಿ ಹತ್ತು ಸಾಲು ಬರೆದಿಟ್ಟು ಮುಚ್ಚಿ. ಇನ್ನೂ ಬರೆಯದ ಕಥೆಗೆ ನಡುವೇ ಇರುವುದಿಲ್ಲ, ಅದಕ್ಕೇ ಅದು ಅಷ್ಟು ಚಂದ.

ದಾಟಲು ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದನ್ನು ಮೂಳೆ ದೃಶ್ಯ ಅಂತ ಕರೆಯುತ್ತೇನೆ. ಮಾಂಸ ಬರದಿದ್ದರೆ ಮೂಳೆ ಮಾತ್ರ ಬರೆಯಿರಿ. ಅಣ್ಣತಮ್ಮಂದಿರ ಜಗಳದ ದೃಶ್ಯ ನನಗೆ ಎರಡು ವಾರ ಬರಲಿಲ್ಲ. ಒಂದು ರಾತ್ರಿ ದೀಪದ ಬೆಳಕಲ್ಲಿ ಇಷ್ಟೇ ಬರೆದೆ:

"ಜಗಳ. ಬೇಲಿ ವಿಷಯ. ಅಣ್ಣ ಏನೋ ಕೆಟ್ಟ ಮಾತು ಹೇಳುತ್ತಾನೆ ★★. ತಮ್ಮ ಗೋಡೆಯಿಂದ ಕೋವಿ ಇಳಿಸುತ್ತಾನೆ. ಎಲ್ಲರೂ ಸುಮ್ಮನಾಗುತ್ತಾರೆ. ಅವನು ಕೂತು ಕೋವಿಗೆ ಎಣ್ಣೆ ಹಚ್ಚುತ್ತಾನೆ, ಬಟ್ಟೆಯಲ್ಲಿ ಒರೆಸುತ್ತಾನೆ, ಮತ್ತೆ ಅಲ್ಲೇ ತೂಗುಹಾಕುತ್ತಾನೆ. ಅವ್ವ ಕಾಫಿ ತರುತ್ತಾಳೆ. ಎರಡು ಲೋಟ ಮಾತ್ರ."

ಎಂಟು ಸಾಲು. ಆ ದಿನದ ಲೆಕ್ಕಕ್ಕೆ ಅರ್ಧ ಪುಟ ಅಂತ ಏರಿಸಿ ಮಲಗಿದೆ. ಎರಡು ಲೋಟ ಯಾಕೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಮನೆಯಲ್ಲಿ ಮೂವರು ಗಂಡಸರು ಇದ್ದರು. ಅವ್ವ ಯಾರಿಗೆ ಕಾಫಿ ಕೊಡಲಿಲ್ಲ ಅನ್ನುವುದೇ ಮುಂದಿನ ಐವತ್ತು ಪುಟ ಎಳೆದುಕೊಂಡು ಹೋಯಿತು. ಚೆನ್ನಾಗಿ ಬರೆಯಬೇಕು ಅಂತ ಕಾದಿದ್ದರೆ ಆ ಎರಡು ಲೋಟ ಬರುತ್ತಲೇ ಇರಲಿಲ್ಲ ಅಂತ ನಾನು ಪೂರ್ತಿ ನಂಬುತ್ತೇನೆ.

ಮೂಳೆಯೂ ಬರದಿದ್ದರೆ ಪಟ್ಟಿಯಲ್ಲಿ ನಿಮಗೆ ಇಷ್ಟವಾದ ಮುಂದಿನ ದೃಶ್ಯಕ್ಕೆ ಹಾರಿ. ಕ್ರಮ ತಪ್ಪಿದರೆ ಏನೂ ಆಗುವುದಿಲ್ಲ. ಅದೂ ಆಗದಿದ್ದರೆ ಜಗಳ ಇರುವ ಇಬ್ಬರನ್ನು ಎದ್ದು ಹೋಗಲು ಆಗದ ಒಂದು ಜಾಗದಲ್ಲಿ ಕೂರಿಸಿ. ಕೆಟ್ಟುನಿಂತ ಜೀಪು, ಸಾವಿನ ಮನೆ, ಹೊಳೆ ದಾಟಲಾಗದ ಮಳೆ. ಬಾಯಿ ಬಿಡಲೇಬೇಕಾಗುತ್ತದೆ.

ಹೆಜ್ಜೆ 9: ಪುಟ ಎಣಿಸುವ ಒಬ್ಬರು

ಬರೆದದ್ದನ್ನು ಯಾರಿಗೂ ಓದಲು ಕೊಡಬೇಡಿ. ಹೊಗಳಿದರೂ ಕಷ್ಟ, ತೆಗಳಿದರೂ ಕಷ್ಟ, ಎರಡಕ್ಕೂ ನೀವು ಹಿಂದೆ ಹೋಗಿ ತಿದ್ದಲು ಕೂರುತ್ತೀರಿ. ಆದರೆ ಎಷ್ಟಾಯಿತು ಅಂತ ಕೇಳುವವರು ಒಬ್ಬರು ಬೇಕು. ಹಿಂದೆ ನಮ್ಮ ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರೆಯುತ್ತಿದ್ದವರಿಗೆ ಆ ಅನುಕೂಲ ಇತ್ತು, ಈ ವಾರದ ಕಂತು ಎಲ್ಲಿ ಅಂತ ಕೇಳುವವರು ಇದ್ದರು.

ನನಗೆ ಕೇಳಿದ್ದು ಪಕ್ಕದ ಮನೆಯ ನಿವೃತ್ತ ಟೀಚರ್. ಶುಕ್ರವಾರ ಮಡಿಕೇರಿ ಸಂತೆಯಿಂದ ಬರುವಾಗ ಅವರ ಮನೆಗೆ ತರಕಾರಿ ಕೊಟ್ಟು ಬರುವುದು ನನ್ನ ರೂಢಿ. ಬಾಗಿಲಲ್ಲೇ ಕೇಳುತ್ತಿದ್ದರು.

"ಈ ವಾರ ಎಷ್ಟಪ್ಪಾ?"

"ಏಳು ಪುಟ, ಟೀಚರ್."

"ಹೋದ ವಾರ ಹತ್ತಿತ್ತಲ್ವಾ?"

"ಹೌದು. ನಾಟಿ ಇತ್ತು."

"ಸರಿ, ಏಳು." ಗೋಡೆಯ ಕ್ಯಾಲೆಂಡರಿನಲ್ಲಿ ಆ ಶುಕ್ರವಾರದ ಮನೆಯೊಳಗೆ ಕೆಂಪು ಪೆನ್ನಿನಲ್ಲಿ 7 ಅಂತ ಬರೆಯುತ್ತಿದ್ದರು. ಕಥೆ ಏನು ಅಂತ ಒಂದು ದಿನವೂ ಕೇಳಲಿಲ್ಲ. ಆ ಕೆಂಪು ಅಂಕಿಗೆ ನಾನು ಎಷ್ಟು ಋಣಿ ಅಂತ ಹೇಳಲು ಬರುವುದಿಲ್ಲ. ಒಂದು ಗುರುವಾರ ರಾತ್ರಿ ಹನ್ನೊಂದು ಗಂಟೆಗೆ ಎದ್ದು ಕೂತು ಮೂರು ಪುಟ ಬರೆದದ್ದು ಸೊನ್ನೆ ಹೇಳಲು ಮನಸ್ಸಾಗದೆ.

ಹೆಜ್ಜೆ 10: ಕೊನೆ

ಕೊನೆಯ ಹತ್ತು ಪುಟ ಬಂದಾಗ ಇನ್ನೊಂದು ಹೆದರಿಕೆ ಶುರುವಾಗುತ್ತದೆ. ಮುಗಿದರೆ ಇದು ಎಷ್ಟು ಕಚ್ಚಾ ಅಂತ ಗೊತ್ತಾಗಿಬಿಡುತ್ತದಲ್ಲ ಅಂತ. ನಾನು ಅಲ್ಲಿ ಒಂಬತ್ತು ದಿನ ಸುಮ್ನೆ ಸುತ್ತಾಡಿದೆ. ಆಮೇಲೆ ಕೊನೆಯ ದೃಶ್ಯವನ್ನು ಮೂಳೆಯಾಗಿ ಬರೆದು, ಮರುದಿನ ಮತ್ತೊಂದು ರೀತಿಯ ಕೊನೆಯನ್ನೂ ಬರೆದೆ. ಎರಡನ್ನೂ ಇಟ್ಟೆ. ಮೊದಲ ಕರಡಿಗೆ ಎರಡು ಕೊನೆ ಇರಬಹುದು, ಒಂದೂ ಇಲ್ಲದೆ ಇರಬಾರದು.

ಕೊನೆಯ ಸಾಲಿನ ಕೆಳಗೆ ತಾರೀಖು, ಒಟ್ಟು ಪುಟ ಬರೆಯಿರಿ. ನನ್ನದು 241. ನಂತರ ತಕ್ಷಣ ಓದಬೇಡಿ. ಪುಸ್ತಕಗಳನ್ನು, ತಿದ್ದುವ ಪುಸ್ತಕದ ಜೊತೆಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ ಮೇಲಿಡಿ. ನಾನು ಹುತ್ತರಿಯ ಹಿಂದಿನ ಶುಕ್ರವಾರ ಟೀಚರ್ ಮನೆಗೆ ಹೋಗಿ ಮುಗಿಯಿತು ಅಂದೆ, ಅವರು ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿ ಎಲ್ಲವನ್ನೂ ಕೂಡಿಸಿ ನೋಡಿದರು. ಒಂದು ಪುಟ ಹೆಚ್ಚುಕಮ್ಮಿ ಬಂತು, ಮತ್ತೊಮ್ಮೆ ಕೂಡಿಸಿದರು. ಮರುವಾರದಿಂದ ಕೊಯ್ಲು. ಡಬ್ಬಿ ಕೆಳಗಿಳಿಸಿದ್ದು ಮಾರ್ಚ್‌ನಲ್ಲಿ, ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ ಮೇಲೆ.